ಕೋಟೆಯಿಲ್ಲದ ಕೋಟೆಯಲ್ಲಿ ಅತ್ತಿಗೆಯೊಡನೆ

ಫೋರ್ಟ್ ಎಂದು ನಾವೆಲ್ಲ ಕರೆಯುವ ಈ ಭಾಗದಲ್ಲಿ ಕೋಟೆಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲವೂ ಸಿಗುತ್ತದೆ. ಕೋಟೆಯ ಗೋಡೆಗಳನ್ನು ೧೮೬೦ರ ದಶಕದಲ್ಲಿಯೇ ಕೆಡವಿದರು. ಹೆಸರು ಮಾತ್ರ ಉಳಿಯಿತು. ಇಲ್ಲಿನ ಸರಕಾರಿ ಕಚೇರಿಯೊಂದರಲ್ಲಿ ಹತ್ತು ವರ್ಷಗಳಿಂದ ಗುಮಾಸ್ತೆಯಾಗಿರುವ ನನಗೆ, ನಾವು ಈಗಲೂ ವಿ.ಟಿ. ಎನ್ನುವ ನಿಲ್ದಾಣದಿಂದ ನನ್ನ ಮೇಜಿನವರೆಗಿನ ದಾರಿಯೇ ಫೋರ್ಟ್ ಆಗಿತ್ತು. ಉಳಿದದ್ದನ್ನು ನೋಡುವ ಹಾಗೆ ಮಾಡಿದವರು ಡೊಂಬಿವಲಿಯ ನಮ್ಮ ಅತ್ತಿಗೆ.

ಅತ್ತಿಗೆಗೆ ೪೬ ವರ್ಷ. “ನಾರುಬೇರು ಕೊಳ್ಳಬೇಕು, ಒಂದು ದಿನ ಜೊತೆಗೆ ಬಾ” ಎಂದು ಫೋನ್ ಮಾಡಿದರು. ನಾನು ಅರ್ಧ ದಿನದ ರಜೆ ಹಾಕಿದೆ. ಬೆಳಗಿನ ಲೋಕಲ್ ಗಾಡಿಯಿಂದ ಇಳಿದವರ ಮುಖ ಬಿಳಿಚಿಕೊಂಡಿತ್ತು. ಗಾಡಿಯ ನೂಕುನುಗ್ಗಲೆಂದು ನಾನು ತಿಳಿದೆ.

ಅಂಚೆ ಕಚೇರಿಯ ಎದುರು ದಾಟಿ ಬೋರಾ ಬಜಾರಿನ ಗಲ್ಲಿಗಳನ್ನು ಹೊಕ್ಕೆವು. ಅಂಗಡಿಯ ಗುಜರಾತಿ ಮುದುಕರಿಗೆ ಅತ್ತಿಗೆ ತಮ್ಮ ಹಿಂದಿಯಲ್ಲಿ ಪಟ್ಟಿ ಒಪ್ಪಿಸಿದರು. ಮೊದಲು ಶತಾವರಿ. ನಮ್ಮೂರ ಕಡೆ ಇದಕ್ಕೆ ‘ಹಲವು ಮಕ್ಕಳ ತಾಯಿ ಬೇರು’ ಎನ್ನುತ್ತಾರೆ. ನೆಲದಡಿಯಲ್ಲಿ ಗೊಂಚಲಾಗಿ ಇಳಿದ ಬೇರುಗಳನ್ನು ಕಂಡವರಿಗೆ ಆ ಹೆಸರನ್ನು ವಿವರಿಸಬೇಕಾಗಿಲ್ಲ. ಆಮೇಲೆ ಲಾವಂಚ. ಹೂಜಿಯ ನೀರಿಗೆ ಹಾಕಿಟ್ಟು ಕುಡಿದರೆ ಮೈಯ ಕಾವು ಇಳಿಯುತ್ತದೆಂದು ಅವರ ತಾಯಿ ಹೇಳುತ್ತಿದ್ದರಂತೆ. “ಅಶೋಕದ ಚೆಕ್ಕೆ ಬೇಡ, ಅದು ನಮ್ಮ ಬಿಲ್ಡಿಂಗಿನಲ್ಲೇ ಇದೆ” ಎಂದರು.

ಮುದುಕರು ತಕ್ಕಡಿಯನ್ನು ಕೆಳಗಿಟ್ಟರು. “ಕಾಂಪೌಂಡಿನ ಪಕ್ಕದಲ್ಲಿ ಕಂಬದ ಹಾಗೆ ನೆಟ್ಟಗೆ ನಿಂತ ಮರವೇ, ಅಮ್ಮ?”

“ಹೌದು. ವಾಚ್‌ಮನ್ ಸುಲಿದು ಕೊಡುತ್ತಾನೆ.”

“ಅದು ಅಶೋಕವಲ್ಲ.”

ನಿಜವಾದ ಅಶೋಕವು ಕಿತ್ತಳೆ ಕೆಂಪಿನ ಗೊಂಚಲು ಹೂ ಬಿಡುವ ಪಶ್ಚಿಮ ಘಟ್ಟದ ಮರ. ಚೆಕ್ಕೆಗಾಗಿ ಸುಲಿದು ಸುಲಿದು ಈಗ ಕಾಡಿನಲ್ಲಿ ಅಪರೂಪವಾಗುತ್ತಿದೆ. ನಗರಗಳಲ್ಲಿ ಸಾಲಾಗಿ ನೆಡುವುದು ಬೇರೆಯೇ ಜಾತಿ, ಹೆಸರಷ್ಟೇ ಒಂದು. ವ್ಯಾಪಾರದಲ್ಲಿಯೂ ಒಂದರ ಬದಲು ಇನ್ನೊಂದು ಸೇರುವುದುಂಟೆಂದು ಮುದುಕರೇ ಒಪ್ಪಿಕೊಂಡರು. ಅತ್ತಿಗೆ ಮೂರು ತಿಂಗಳು ಬೇಯಿಸಿ ಕುಡಿದದ್ದು ಸೊಸೈಟಿಯ ಅಲಂಕಾರದ ಮರವನ್ನು! ನನಗೆ ನಗು ಬಂತು. ಅವರಿಗೆ ಬರಲಿಲ್ಲ.

ಹಾರ್ನಿಮನ್ ಸರ್ಕಲ್ಲಿಗೆ ಬಂದು ಏಷಿಯಾಟಿಕ್ ಸೊಸೈಟಿಯ ಮೆಟ್ಟಿಲು ಹತ್ತುವಾಗ, ಅರ್ಧದಲ್ಲಿಯೇ ಅವರು ಏದುಸಿರು ಬಿಡುತ್ತ ಕುಳಿತುಬಿಟ್ಟರು. ದಣಿವಾರಲೆಂದು ನಾನು ಕಥೆ ತೆಗೆದೆ. ಈ ಕಟ್ಟಡದ ಹಿಂದೆ, ಈಗ ನೌಕಾಪಡೆಯ ವಶದಲ್ಲಿರುವ ಜಾಗದಲ್ಲಿ, ೧೬ನೆಯ ಶತಮಾನದಲ್ಲಿ ಗಾರ್ಸಿಯಾ ದ ಓರ್ತಾ ಎಂಬ ಪೋರ್ತುಗೀಸ್ ವೈದ್ಯನ ಮನೆಯಿತ್ತಂತೆ. ಮುಂಬಯಿ ದ್ವೀಪವನ್ನೇ ಆತ ಗೇಣಿಗೆ ಪಡೆದಿದ್ದ. ನಮ್ಮ ದೇಶದ ಮದ್ದಿನ ಗಿಡಗಳ ಮೇಲೆ ಅವನು ಬರೆದ ಗ್ರಂಥ ೧೫೬೩ರಲ್ಲಿ ಗೋವೆಯಲ್ಲಿ ಅಚ್ಚಾಯಿತು.

“ಆ ಮನುಷ್ಯ ಹೆಂಗಸರ ಮುಟ್ಟು ನಿಲ್ಲುವುದಕ್ಕೂ ಏನಾದರೂ ಬರೆದಿದ್ದಾನೆಯೆ?” ಎಂದರು ಅತ್ತಿಗೆ, ಮೆಲ್ಲಗೆ. ಆಮೇಲೆ ಎಲ್ಲವೂ ಹೊರಬಂತು. ರಾತ್ರಿ ಥಟ್ಟನೆ ಮೈ ಬಿಸಿಯೇರಿ ಬೆವರುವುದು, ನಿದ್ದೆಯಿಲ್ಲದಿರುವುದು, ಅಣ್ಣನ ಮೇಲೆ ಸಿಡುಕು. ಇವೆಲ್ಲ ಆ ವಯಸ್ಸಿನಲ್ಲಿ, ಮುಟ್ಟು ಪೂರ್ತಿ ನಿಲ್ಲುವ ಮುಂಚಿನ ವರ್ಷಗಳಲ್ಲಿ, ಹಾರ್ಮೋನುಗಳ ಏರಿಳಿತದಿಂದ ಆಗುವಂಥವೇ. ಆದರೆ ಮೂರು ತಿಂಗಳಿಂದ ತಿಂಗಳಿಗೆ ಹತ್ತು ಹನ್ನೆರಡು ದಿನ ರಕ್ತ ಹೋಗುತ್ತಿತ್ತಂತೆ. “ವಯಸ್ಸಿನದು, ಕಷಾಯಕ್ಕೆ ನಿಲ್ಲುತ್ತದೆ ಅಂದುಕೊಂಡೆ. ಯಾರ ಹತ್ತಿರ ಹೇಳುವುದು?” ಊರಿನಲ್ಲಿದ್ದರೆ ಅಮ್ಮನೋ ಚಿಕ್ಕಮ್ಮನೋ ಮುಖ ನೋಡಿಯೇ ಕೇಳುತ್ತಿದ್ದರು. ಎರಡು ಕೋಣೆಯ ಮನೆಯಲ್ಲಿ, ಗಂಡ ಮತ್ತು ಬೆಳೆದ ಗಂಡುಮಕ್ಕಳ ನಡುವೆ, ಯಾರು ಕೇಳಬೇಕು? ಕೇಳಬಹುದಾಗಿದ್ದ ನಾನು ಮರದ ವಿಷಯಕ್ಕೆ ನಕ್ಕಿದ್ದೆ.

ಅಲ್ಲಿಂದ ಟ್ಯಾಕ್ಸಿ ಹಿಡಿದು ನೇರ ಕಾಮಾ ಆಸ್ಪತ್ರೆಗೆ ಹೋದೆವು. ವಿ.ಟಿ.ಗೆ ಹತ್ತಿರವೇ ಇರುವ ಈ ಹೆಂಗಸರ ಆಸ್ಪತ್ರೆಯನ್ನು ನಾನು ದಿನವೂ ಕಂಡಿದ್ದೆ, ಒಳಗೆ ಕಾಲಿಟ್ಟಿರಲಿಲ್ಲ. ಪಾರ್ಸಿ ದಾನಿ ಪೆಸ್ತನ್‌ಜಿ ಕಾಮಾ ಅವರ ಹಣದಿಂದ ೧೮೮೬ರಲ್ಲಿ ತೆರೆದದ್ದು. ಗಂಡು ವೈದ್ಯರ ಮುಂದೆ ಬರಲು ನಾಚಿ ಸಾಯುತ್ತಿದ್ದ ಹೆಂಗಸರನ್ನು ಹೆಂಗಸರೇ ನೋಡಲೆಂದು ಎಡಿತ್ ಪೀಚಿ ಎಂಬ ಇಂಗ್ಲೆಂಡಿನ ಡಾಕ್ಟರಮ್ಮನನ್ನು ಕರೆಸಿದ್ದರು.

ಸಾಲು ಉದ್ದವಿತ್ತು. ಡಾಕ್ಟರಮ್ಮ ಗದರಲಿಲ್ಲ. ರಕ್ತಪರೀಕ್ಷೆ, ಸೋನೋಗ್ರಫಿ ಬರೆದುಕೊಟ್ಟರು. ಹಿಮೋಗ್ಲೋಬಿನ್ ೧೨ ಇರಬೇಕಾದಲ್ಲಿ ೮ ಇತ್ತು. ಗರ್ಭಕೋಶದಲ್ಲಿ ಗಡ್ಡೆಯೊಂದು ಕಂಡಿತು. ಕ್ಯಾನ್ಸರಿನಂಥದಲ್ಲವೆಂದು ಮುಂದಿನ ಪರೀಕ್ಷೆಗಳಿಂದ ಗೊತ್ತಾಗುವವರೆಗಿನ ಎರಡು ವಾರ ನಮಗೆ ಹೇಗೆ ಕಳೆದವೆಂದು ಬರೆಯಲಾರೆ. ಹೀಗೆ ಹೆಚ್ಚು ರಕ್ತ ಹೋದರೆ, ಅಥವಾ ಮುಟ್ಟು ನಿಂತು ೧೨ ತಿಂಗಳಾದ ಮೇಲೆ ಒಂದು ಹನಿ ಕಂಡರೂ, ತೋರಿಸಲೇಬೇಕೆಂದು ಅವರು ಹೇಳಿದರು.

ಚೀಲದಲ್ಲಿದ್ದ ಬೇರುಗಳನ್ನು ಅತ್ತಿಗೆ ಸಂಕೋಚದಿಂದ ತೋರಿಸಿದರು. ಲಾವಂಚದ ನೀರು ಧಾರಾಳವಾಗಿ ಕುಡಿಯಿರಿ ಎಂದರು. ಶತಾವರಿಯಿಂದ ಈ ತೊಂದರೆಗಳು ಇಳಿಯುತ್ತವೆಂದು ದೊಡ್ಡ ಪರೀಕ್ಷೆಗಳಿಂದ ಇನ್ನೂ ಸಿದ್ಧವಾಗಿಲ್ಲ. ಗಡ್ಡೆಯ ಚಿಕಿತ್ಸೆ ಒಂದು ಹದಕ್ಕೆ ಬರುವವರೆಗೆ ಕಟ್ಟಿಡಿ, ಆಮೇಲೆ ನನ್ನನ್ನು ಕೇಳಿ ಎಂದರು. ಅಶ್ವಗಂಧದ ಪುಡಿಯನ್ನು ಮಾತ್ರ ಬೇಡವೇ ಬೇಡ ಎಂದರು. ಅತ್ತಿಗೆ ಥೈರಾಯ್ಡಿನ ಗುಳಿಗೆ ನುಂಗುತ್ತಾರೆ, ಎರಡೂ ಸೇರಿದರೆ ಲೆಕ್ಕ ತಪ್ಪುತ್ತದೆಯಂತೆ. ಬೆವರಿನ ಕಾಟ ಹೆಚ್ಚಾದರೆ ಅದಕ್ಕೂ ಮದ್ದುಗಳಿವೆ, ಸಹಿಸಿಕೊಂಡೇ ಇರಬೇಕಾಗಿಲ್ಲ ಎಂದೂ ಸೇರಿಸಿದರು.

ಹೊರಬಂದಾಗ ಎರಡು ಗಂಟೆಯಾಗಿತ್ತು. ಉಡುಪಿ ಹೋಟೆಲೊಂದರಲ್ಲಿ ಇಡ್ಲಿ ತಿಂದೆವು. ಅತ್ತಿಗೆಯ ತಂದೆ ಫೋರ್ಟಿನ ಇಂಥದೇ ಹೋಟೆಲಿನಲ್ಲಿ ಹಗಲು ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ಆ ಮಾತೆತ್ತಿ ಅಂದು ಮೊದಲ ಸಲ ಅವರು ನಕ್ಕರು.

ಈಗ ಕಬ್ಬಿಣದ ಗುಳಿಗೆ ನಡೆದಿದೆ, ರಕ್ತ ಹತ್ತಕ್ಕೆ ಏರಿದೆ. ಮುಂದಿನ ಮಂಗಳವಾರ ಮತ್ತೆ ತೋರಿಸುವುದಿದೆ. ರಜೆಯ ಅರ್ಜಿ ಕೊಟ್ಟಾಗಿದೆ. ಅತ್ತಿಗೆ ಈ ಸಲ ಒಬ್ಬರೇ ಬರುವುದಿಲ್ಲ. ಅದೇ ಮರದ ಚೆಕ್ಕೆ ಕುದಿಸಿ ಕುಡಿಯುತ್ತಿದ್ದ ಮೂರನೆಯ ಮಹಡಿಯ ಬಾಯಿಯವರನ್ನೂ ಕರೆತರುತ್ತಾರಂತೆ.