ಕಾಳಿಗೆ ಕಾಯಿಲೆಯಾದಾಗ

ನಾಯಿಗೆ ಜ್ವರವೆಂದು ಕಚೇರಿಗೆ ರಜೆ ಹಾಕಿದವನನ್ನು ಕಂಡು ನಗುವವರು ಇಂದಿಗೂ ಇದ್ದಾರೆ. ಅವರ ಮೇಲೆ ನನಗೆ ಕೋಪವಿಲ್ಲ. ನಾಯಿ ಸಾಕದವರಿಗೆ ಅದು ನಗುವ ವಿಷಯವೇ. ಸಾಕಿದವರಿಗೆ ಮಾತ್ರ ಗೊತ್ತು, ತಲೆನೋವು ಎಂದಾಗಲಿ ಹೊಟ್ಟೆನೋವು ಎಂದಾಗಲಿ ಹೇಳಲಾರದ ಜೀವವೊಂದು ಮೂಲೆಯಲ್ಲಿ ಮುಖ ಮಾಡಿ ಮಲಗಿಬಿಟ್ಟರೆ ಮನೆಯಲ್ಲಿ ಯಾರಿಗೂ ಅನ್ನ ಸೇರುವುದಿಲ್ಲವೆಂದು.

ನಮ್ಮದು ಜಾತಿನಾಯಿಯಲ್ಲ. 2012ರ ಚಳಿಗಾಲದಲ್ಲಿ, ಮಯೂರ ವಿಹಾರದ ನಮ್ಮ ಕಟ್ಟಡದ ಕೆಳಗೆ ಸ್ಕೂಟರುಗಳ ನಡುವೆ ನಡುಗುತ್ತಿದ್ದ ಕಪ್ಪು ಹೆಣ್ಣು ಮರಿಯೊಂದನ್ನು ಅಮ್ಮ ಸೆರಗಿನಲ್ಲಿ ಸುತ್ತಿ ಮೇಲಕ್ಕೆ ತಂದಳು. ಕಾಳಿ ಎಂದು ಹೆಸರಿಟ್ಟವನು ನಾನು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ಬಲ್ಲವರಿಗೆ ಈ ಹೆಸರಿನ ಮೂಲ ತಿಳಿದೀತು. ಕ್ರಿ.ಶ. 949-50ರ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗ ತನ್ನ ವೀರ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ ‘ಏನು ಬೇಕು, ಕೇಳು’ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ದೊಡ್ಡದೊಂದು ಹಂದಿಯೊಡನೆ ಕಾದಿ, ಅದನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ಸಾವಿರ ವರ್ಷಗಳ ಹಿಂದೆಯೇ ನಾಯಿಗಾಗಿ ಅತ್ತ ಜನ ನಾವು!

ಆದರೆ ಈ ವಂಶಾವಳಿ ದೆಹಲಿಯಲ್ಲಿ ನಡೆಯಲಿಲ್ಲ. ಎದುರು ಮನೆಯ ಪಂಜಾಬಿ ಅಜ್ಜಿ “ಹಾಯ್ ರಾಮ್, ನಾಯಿಗೆ ದೇವಿಯ ಹೆಸರೇ?” ಎಂದು ಗಲ್ಲ ಮುಟ್ಟಿಕೊಂಡು, ತಾವೇ ‘ಕಾಲೂ’ ಎಂದು ಮರುನಾಮಕರಣ ಮಾಡಿದರು. ಹೀಗೆ ಮನೆಯೊಳಗೆ ಕಾಳಿ, ಬೀದಿಯಲ್ಲಿ ಕಾಲೂ. ಹೆಸರು ಎರಡಾದರೂ ಭಾಷೆ ಮಾತ್ರ ಒಂದೇ. ಹಗಲೆಲ್ಲ ಅಮ್ಮನ ಜೊತೆ ಕಳೆಯುವ ಅವಳಿಗೆ ‘ಬಾ’, ‘ಕೂತ್ಕೋ’, ‘ಸುಮ್ನಿರು’ ಬಿಟ್ಟರೆ ಬೇರೆ ಅರ್ಥವಾಗುತ್ತಿರಲಿಲ್ಲ. ಇಡೀ ಬೀದಿಯಲ್ಲಿ ಅಮ್ಮನ ಕನ್ನಡ ತಿಳಿದ ಜೀವಗಳೆಂದರೆ ನಾವು ಮೂವರು ಮತ್ತು ಕಾಳಿ.

2018ರ ಆಗಸ್ಟ್ ತಿಂಗಳು. ಮಳೆ ಬಂದು ನಿಂತು, ಗಾಳಿಯಾಡದೆ ಬೇಯುವ ದಿನಗಳು. ಹಿಂದಿನ ದಿನ ಪಾರಿವಾಳಗಳನ್ನು ಅಟ್ಟಿಸಿಕೊಂಡು ಓಡಿದ್ದ ಕಾಳಿ ಬೆಳಿಗ್ಗೆ ಏಳಲಿಲ್ಲ. ಮೊಸರನ್ನದ ತಟ್ಟೆಯನ್ನು ಮೂಸಿ ಮುಖ ತಿರುಗಿಸಿದಳು. ಸಂಜೆಗೆ ಮೈ ಕಾದ ಹಂಚಿನಂತಾಯಿತು. ಅಮ್ಮ ಅವಳ ಕಿವಿಯ ಹಿಂದೆ ಬೆರಳಾಡಿಸಿ, ತುಂಬಿದ ಹರಳೆಬೀಜದಂಥ ಏನನ್ನೋ ತೆಗೆದು ತೋರಿಸಿ, “ಉಣುಗು ಕಣೋ” ಎಂದಳು. ಅವಳ ದನಿ ನಡುಗಿತ್ತು. ಅಮ್ಮ ಸಾಗರದ ಕಡೆಯವಳು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಬೆನ್ನಿಗೇ ಜನರೂ ಜ್ವರದಿಂದ ಸತ್ತಾಗ ಅವಳಿಗೆ ಒಂಬತ್ತು ವರ್ಷ. ಉಣುಗು ಕಚ್ಚಿದರೆ ಏನಾಗುತ್ತದೆಂದು ಅವಳಿಗೆ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ.

ಮರುದಿನ ಪಶುವೈದ್ಯರು ರಕ್ತ ಪರೀಕ್ಷಿಸಿ, ಅಮ್ಮನಿಗೆ ಸಮಾಧಾನ ಹೇಳಿದರು. ಇದು ಮಂಗನ ಕಾಯಿಲೆಯಲ್ಲ. ಆ ಉಣುಗು ಕಾಡಿನದು, ಆ ಕಾಯಿಲೆ ವೈರಸ್ಸಿನದು. ಇಲ್ಲಿಯದು ನಾಯಿಯ ಮೈಯನ್ನೇ ನಂಬಿದ ಕಂದು ಉಣುಗು. ಹೊಟ್ಟೆ ತುಂಬಿದ ಮೇಲೆ ಹೆಣ್ಣು ಉಣುಗು ಉದುರಿ, ಗೋಡೆಯ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಅದು ಹರಡುವ ಬೆಬೀಸಿಯಾ ಎಂಬ ಸೂಕ್ಷ್ಮಜೀವಿ ನಾಯಿಯ ಕೆಂಪು ರಕ್ತಕಣಗಳನ್ನು ಹೊಕ್ಕು ಒಡೆಯುತ್ತದೆ. ಎರ್ಲಿಕಿಯಾ ಎಂಬುದು ಬಿಳಿಯ ಕಣಗಳನ್ನು ಹೊಕ್ಕು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ಟುಗಳನ್ನು ಇಳಿಸುತ್ತದೆ. ನಮ್ಮ ಕಾಳಿಗೆ ಎರಡೂ ಒಟ್ಟಿಗೆ ಬಂದಿದ್ದವು. ಸಮಾಧಾನ ಅಲ್ಲಿಗೇ ಮುಗಿಯಿತು.

ಚುಚ್ಚುಮದ್ದು ಆಯಿತು. ಆದರೂ 15ರ ಬೆಳಿಗ್ಗೆ ನೋಡಿದರೆ ಒಸಡು ಸುಣ್ಣದಂತೆ ಬಿಳಿಚಿತ್ತು, ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಹಿಮೋಗ್ಲೋಬಿನ್ 12ಕ್ಕೆ ಕಡಿಮೆಯಿರಬಾರದಂತೆ, ನಮ್ಮವಳದು 4ಕ್ಕೆ ಇಳಿದಿತ್ತು. ವೈದ್ಯರು ಫೋನಿನಲ್ಲಿ, “ಇವತ್ತೇ ರಕ್ತ ಕೊಡಬೇಕು. ಒಂದರಿಂದ ಎಂಟು ವರ್ಷದೊಳಗಿನ, 25 ಕಿಲೋಗಿಂತ ಹೆಚ್ಚು ತೂಕದ, ಲಸಿಕೆ ಹಾಕಿಸಿದ ಆರೋಗ್ಯವಂತ ನಾಯಿಯನ್ನು ಕರೆತನ್ನಿ” ಎಂದರು. ಸ್ವಾತಂತ್ರ್ಯ ದಿನದ ದೆಹಲಿ! ಕೆಂಪುಕೋಟೆಯ ಸುತ್ತ ರಸ್ತೆಗಳು ಬಂದ್, ಅಂಗಡಿಗಳು ಬಂದ್, ಜನರೆಲ್ಲ ತಾರಸಿಯ ಮೇಲೆ ಗಾಳಿಪಟ ಹಾರಿಸುತ್ತಿದ್ದಾರೆ. ಮನುಷ್ಯರಿಗೆ ರಕ್ತ ಬೇಕೆಂದರೆ ಕೇಳಬಹುದು. ನಾಯಿಗೆ ರಕ್ತ ಬೇಕೆಂದು ಯಾರ ಮನೆಯ ಕದ ತಟ್ಟುವುದು?

ಕದ ತಟ್ಟಿದವರು ಎದುರು ಮನೆಯ ಅಜ್ಜಿ. ಹಿಂದಿನ ಬ್ಲಾಕಿನಲ್ಲಿ ಹರಿಯಾಣದ ನಿವೃತ್ತ ಸುಬೇದಾರರೊಬ್ಬರಿದ್ದರು. ಅವರ ಲ್ಯಾಬ್ರಡಾರ್ ಶೇರಾನಿಗೂ ಕಾಳಿಗೂ ಬೀದಿಯಲ್ಲಿ ಹಳೆಯ ವೈರ. ಆ ಕಾರಣದಿಂದ ನಮಗೂ ಸುಬೇದಾರರಿಗೂ ನಮಸ್ಕಾರದಷ್ಟೇ ಪರಿಚಯ. ಅಜ್ಜಿ ವಿಷಯ ಹೇಳಿದ ಹತ್ತು ನಿಮಿಷದಲ್ಲಿ ಅವರು ವ್ಯಾನಿನಲ್ಲಿ ಶೇರಾನನ್ನು ಕೂರಿಸಿಕೊಂಡು ನಮ್ಮ ಬಾಗಿಲಿಗೇ ಬಂದರು. ನಾನು ಕೃತಜ್ಞತೆಯ ಮಾತನ್ನು ಹುಡುಕುತ್ತಿದ್ದರೆ ಅವರು, “ಮಾತು ಆಮೇಲೆ, ಮೊದಲು ಮಾತಾಜಿಯನ್ನು ಹತ್ತಿಸಿ” ಎಂದರು. ಎರಡು ಆಟೋದವರು ನಾಯಿಯೆಂದು ತಿಳಿದು ಆಗಲೇ ಹೊರಟುಹೋಗಿದ್ದರು.

ಆಸ್ಪತ್ರೆಯಲ್ಲಿ ಮೊದಲು ಶೇರಾನ ರಕ್ತದ ಪರೀಕ್ಷೆ, ಆಮೇಲೆ ಎರಡೂ ರಕ್ತ ಹೊಂದುತ್ತವೆಯೇ ಎಂಬ ಪರೀಕ್ಷೆ. ಅನ್ಯ ರಕ್ತವನ್ನು ಹುಟ್ಟಿನಿಂದಲೇ ವಿರೋಧಿಸುವ ಗುಣ ನಮ್ಮಲ್ಲಿರುವಷ್ಟು ನಾಯಿಗಳಲ್ಲಿ ಇಲ್ಲವಂತೆ, ಹಾಗಾಗಿ ಮೊದಲ ಸಲ ಸಾಮಾನ್ಯವಾಗಿ ಒಗ್ಗುತ್ತದಂತೆ. ರಕ್ತ ಕೊಡುವ ವಿದ್ಯೆಯೂ ನಾಯಿಗಳಿಂದಲೇ ಆರಂಭವಾದದ್ದು. 1660ರ ದಶಕದಲ್ಲಿ ಇಂಗ್ಲೆಂಡಿನ ರಿಚರ್ಡ್ ಲೋವರ್ ಒಂದು ನಾಯಿಯ ರಕ್ತವನ್ನು ಇನ್ನೊಂದಕ್ಕೆ ಹರಿಸಿ ಬದುಕಿಸಿದ್ದ. ಮನುಷ್ಯರ ಸರದಿ ಆಮೇಲಿನದು. ಈ ಋಣವನ್ನು ನೆನೆಯುವವರು ಕಡಿಮೆ.

ಶೇರಾ ಮೇಜಿನ ಮೇಲೆ ಕತ್ತು ಚಾಚಿ ಮಲಗಿ, ಸಿಪಾಯಿಯಂತೆ ರಕ್ತ ಕೊಟ್ಟ. ತೊಂದರೆ ಕೊಟ್ಟವಳು ಕಾಳಿ. ನಿಲ್ಲಲು ಶಕ್ತಿಯಿಲ್ಲದಿದ್ದರೂ ಸೂಜಿ ಕಂಡೊಡನೆ ಕಾಲು ಎಳೆದುಕೊಂಡಳು. ವೈದ್ಯರ ‘ಬಸ್ ಬೇಟಾ, ಬಸ್’ ಅವಳಿಗೆ ತಿಳಿಯಲಿಲ್ಲ. ಆಗ ಅಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ಎಂತದೂ ಇಲ್ಲ ಮಗಾ, ಸುಮ್ನಿರು” ಎಂದಳು. ಕಾಳಿ ಸುಮ್ಮನಾದಳು. ರಕ್ತ ಹನಿಹನಿಯಾಗಿ ಇಳಿದು ಮುಗಿಯಲು ಸುಮಾರು ನಾಲ್ಕು ಗಂಟೆ ಬೇಕಾಯಿತು. ಅಷ್ಟು ಹೊತ್ತೂ ಎಪ್ಪತ್ತು ವರ್ಷದ ಅಮ್ಮ ಕಾಲು ಕದಲಿಸದೆ ಕುಳಿತು, ಊರಿನ ತೋಟ, ಕೊಟ್ಟಿಗೆ, ತೌರುಮನೆ ಎಲ್ಲವನ್ನೂ ಅವಳ ಕಿವಿಯಲ್ಲಿ ಹೇಳಿದಳು. ಕೊನೆಗೆ ವೈದ್ಯರೂ “ಸುಮ್ನಿರು, ಸುಮ್ನಿರು” ಎನ್ನುತ್ತಾ ಸೂಜಿ ತೆಗೆದರು. ದೆಹಲಿಯಲ್ಲಿ ಕನ್ನಡ ಕಲಿಸುವ ಬಗೆಗಳಲ್ಲಿ ಇದೂ ಒಂದು ಎಂದು ನಮ್ಮ ಸಂಘದ ಪದಾಧಿಕಾರಿಗಳ ಗಮನಕ್ಕೆ ತರುತ್ತೇನೆ.

ಮುಂದೆ 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ. ಮಾತ್ರೆಯ ಹೊತ್ತಿಗೆ ಹಾಲು ಮೊಸರು ಕೂಡದೆಂಬ ಪಥ್ಯ ಮೊಸರನ್ನದ ಕಾಳಿಗೆ ಕಾಯಿಲೆಗಿಂತ ಕಷ್ಟವಾಯಿತು. 26ರಂದು ರಾಖಿ ಹಬ್ಬ. ಅಜ್ಜಿ ಅಮ್ಮನ ಕೈಗೆ ಕೆಂಪು ದಾರವೊಂದನ್ನು ಕೊಟ್ಟು, “ಕಾಲೂ ಕಡೆಯಿಂದ ಶೇರಾನಿಗೆ ಕಟ್ಟಿ, ಈಗ ರಕ್ತಸಂಬಂಧವಲ್ಲವೇ?” ಎಂದರು. ಸುಬೇದಾರರು ಗಂಭೀರವಾಗಿ ಶೇರಾನ ಕೊರಳು ಮುಂದೆ ಮಾಡಿಸಿ, ಕಾಳಿಗೆ ಹನ್ನೊಂದು ರೂಪಾಯಿ ಕಾಣಿಕೆ ಕೊಟ್ಟರು.

ನಾಯಿ ಸಾಕಿರುವ ಬಂಧುಗಳಿಗೆ ಒಂದೆರಡು ಮಾತು. ಮಳೆಗಾಲದಲ್ಲಿ ಕಿವಿಯ ಸಂದು, ಬೆರಳುಗಳ ಸಂದು, ಬಾಲದ ಬುಡವನ್ನು ದಿನವೂ ನೋಡಿ. ಉಣುಗು ತಡೆಯುವ ಔಷಧವನ್ನು ವೈದ್ಯರನ್ನು ಕೇಳಿ ಹಾಕಿಸಿ. ತುಟಿ ಎತ್ತಿ ಒಸಡು ನೋಡುವುದನ್ನು ರೂಢಿಸಿಕೊಳ್ಳಿ. ಅದು ಗುಲಾಬಿಯಾಗಿದ್ದರೆ ಸರಿ, ಬಿಳಿಚಿದರೆ ನಾಳೆಗೆಂದು ಕಾಯಬೇಡಿ. ಜ್ವರವೆಂದು ಮನೆಯಲ್ಲಿರುವ ನಮ್ಮ ಮಾತ್ರೆಗಳನ್ನು ಕೊಡಲೇಬೇಡಿ. ನಮಗೆ ಗುಣ ಕೊಡುವ ನೋವಿನ ಮಾತ್ರೆ ನಾಯಿಗೆ ವಿಷವಾದೀತು. ಕಡೆಯದಾಗಿ, ಬೀದಿಯಲ್ಲಿ ಇನ್ನಾರ ಮನೆಯಲ್ಲಿ ನಾಯಿಯಿದೆ ಎಂಬುದನ್ನು ತಿಳಿದಿರಿ.

ಆ ಮೇಲೆ ಕಾಳಿ ಐದು ವರ್ಷಕ್ಕೂ ಹೆಚ್ಚು ಕಾಲ ಬದುಕಿ, 2024ರ ಜನವರಿಯ ಒಂದು ಮಂಜಿನ ಬೆಳಿಗ್ಗೆ ನಿದ್ದೆಯಲ್ಲೇ ಹೋದಳು. ಶೇರಾ ಅದಕ್ಕೂ ಮೊದಲೇ ಹೋಗಿದ್ದ. ಸುಬೇದಾರರು ಮಾತ್ರ ಈಗಲೂ ಸಂಜೆ ಬಂದು ಅಮ್ಮನ ಕೈಯ ಫಿಲ್ಟರ್ ಕಾಫಿ ಕುಡಿದು ಹೋಗುತ್ತಾರೆ. ಮೂವತ್ತು ವರ್ಷ ದೆಹಲಿಯಲ್ಲಿದ್ದೂ ‘ನಮ್ಮವರು ಯಾರೂ ಇಲ್ಲಿಲ್ಲ’ ಎಂದು ಅಮ್ಮ ಹೇಳುತ್ತಿದ್ದಳು. ಆ ಮಾತನ್ನು ಅವಳ ಬಾಯಿಂದ ನಾನು ಕೇಳಿ ಬಹಳ ದಿನಗಳಾದವು.