ಅಟ್ಟ ಸೇರಿದ ಕುಕ್ಕರು

ಸಾಂತಾಕ್ರೂಜ್ ಪೂರ್ವದ ನಮ್ಮ ಮನೆಯಲ್ಲಿ ಅನ್ನ ಬೇಯುವುದು ತಪಲೆಯಲ್ಲಿ. ಊರಿನಿಂದ ಬಂದ ನೆಂಟರು, "ಬೊಂಬಾಯಿಯಲ್ಲಿದ್ದೂ ಒಂದು ಕುಕ್ಕರ್ ಇಲ್ವಾ ಮಾರಾಯ್ರೆ?" ಎಂದು ನಗುತ್ತಾರೆ. "ಕುಚ್ಚಲಕ್ಕಿಗೆ ತಪಲೆಯೇ ರುಚಿ" ಎಂದು ನನ್ನ ಹೆಂಡತಿ ಮಾತು ತೇಲಿಸುತ್ತಾಳೆ. ಕುಕ್ಕರ್ ಇದೆ, ಅಟ್ಟದ ಮೇಲೆ. ಅದು ಅಲ್ಲಿಗೆ ಹೋದದ್ದು 2006ರ ಜುಲೈಯಲ್ಲಿ.

ಆ ಜುಲೈ 11, ಮಂಗಳವಾರ. ಸಂಜೆ ಆರೂವರೆಯ ಹೊತ್ತಿಗೆ ಪಶ್ಚಿಮ ರೈಲ್ವೆಯ ಲೋಕಲ್ ರೈಲುಗಳಲ್ಲಿ ಸುಮಾರು 11 ನಿಮಿಷಗಳೊಳಗೆ ಏಳು ಬಾಂಬುಗಳು ಸಿಡಿದವು. ಎಲ್ಲವೂ ಫಸ್ಟ್ ಕ್ಲಾಸ್ ಡಬ್ಬಿಗಳಲ್ಲಿ. 180ಕ್ಕೂ ಹೆಚ್ಚು ಜನ ಸತ್ತರು. ಒಂದು ಸಿಡಿದದ್ದು ಖಾರ್ ಮತ್ತು ಸಾಂತಾಕ್ರೂಜ್ ನಡುವೆ. ಆ ರೈಲಿನಲ್ಲಿ ನಾನಿದ್ದೆ. ನನ್ನದು ಫಸ್ಟ್ ಕ್ಲಾಸ್ ಪಾಸ್. ಚರ್ಚ್‌ಗೇಟಿನಲ್ಲಿ ರೈಲು ಹೊರಟೇಬಿಟ್ಟಿತೆಂದು ಓಡಿ, ಎದುರಿಗೆ ಸಿಕ್ಕಿದ ಸೆಕೆಂಡ್ ಕ್ಲಾಸಿಗೆ ಹತ್ತಿದ್ದೆ. ದಿನಾ ನನಗೆ ಜಾಗ ಹಿಡಿದಿಡುತ್ತಿದ್ದ ಗುಜರಾತಿ ಮಿತ್ರರು ಫಸ್ಟ್ ಕ್ಲಾಸಿನಲ್ಲೇ ಇದ್ದರು. ಅವರು ಮನೆಗೆ ಮರಳಲಿಲ್ಲ.

ಮರುದಿನವೇ ರೈಲು ಓಡಿತು. ಪತ್ರಿಕೆಗಳು ಮುಂಬಯಿಯವರ ಧೈರ್ಯವನ್ನು ಕೊಂಡಾಡಿದವು. ನಾನೂ ಮೂರನೇ ದಿನ ಕೆಲಸಕ್ಕೆ ಹೋದೆ. ಧೈರ್ಯದಿಂದಲ್ಲ, ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆಂಬ ಭಯದಿಂದ. ಊರಿನಿಂದ ಅಮ್ಮ ಫೋನ್ ಮಾಡಿದಾಗ, "ನಾನು ಆ ರೈಲಿನಲ್ಲಿ ಇರ್ಲಿಲ್ಲ, ಆರಾಮ ಇದ್ದೇನೆ" ಎಂದುಬಿಟ್ಟೆ. ದೂರದಲ್ಲಿರುವವರೆಲ್ಲ ಹೇಳುವ ಸುಳ್ಳು ಇದು.

ಬಾಂಬುಗಳನ್ನು ಪ್ರೆಶರ್ ಕುಕ್ಕರುಗಳಲ್ಲಿ ಇಟ್ಟಿದ್ದರೆಂದು ಪೊಲೀಸರು ಹೇಳಿದ್ದು ಪತ್ರಿಕೆಯಲ್ಲಿ ಬಂತು. ಆಮೇಲೆ ಅಡುಗೆಮನೆಯಲ್ಲಿ ಸೀಟಿ ಹಾಕಿದರೆ ನನ್ನ ಕೈಯ ಲೋಟ ನೆಲಕ್ಕೆ. ಹೆಂಡತಿ ಏನೂ ಕೇಳದೆ ಕುಕ್ಕರನ್ನು ಅಟ್ಟಕ್ಕೆ ಹಾಕಿದಳು. ರಾತ್ರಿ ನಿದ್ದೆಗೆಂದು ಒಂದು ಪೆಗ್ ಶುರುಮಾಡಿದೆ. ನಿದ್ದೆ ಬರುತ್ತಿತ್ತು, ಮೂರು ಗಂಟೆಗೆ ಬೆವರಿ ಏಳುತ್ತಿದ್ದೆ. ಒಂದು ರಾತ್ರಿ ಅವಳೇ ಅಂದಳು: "ನೀವು ಇನ್ನೂ ಆ ರೈಲಿನಿಂದ ಇಳಿಯಲೇ ಇಲ್ಲ. ಡಾಕ್ಟರ ಹತ್ತಿರ ಹೋಗುವಾ."

ಮೈಮೇಲೆ ಒಂದು ಗೀರೂ ಇಲ್ಲದವನಿಗೆ ಎಂತ ಡಾಕ್ಟರು ಎಂದು ನನ್ನ ವಾದ. ಕೊನೆಗೆ ಹೋದೆ. ಮನೋವೈದ್ಯರು ಮಂಗಳೂರು ಕಡೆಯವರು. ಆಘಾತವಾಗಿ ತಿಂಗಳು ಕಳೆದರೂ ಕನಸು, ಬೆಚ್ಚುವಿಕೆ, ತಪ್ಪಿಸಿಕೊಳ್ಳುವ ಬುದ್ಧಿ ಬಿಡದಿದ್ದರೆ ಅದೂ ಒಂದು ಕಾಯಿಲೆ, ಚಿಕಿತ್ಸೆ ಇದೆ ಎಂದರು. "ವಾರಕ್ಕೊಮ್ಮೆ ನಾನು ನೋಡ್ತೇನೆ. ಆದರೆ ಗಾಯಕ್ಕೆ ದಿನಾ ಡ್ರೆಸಿಂಗ್ ಮಾಡಬೇಕಾದವರು ನೀವು" ಎಂದು ನಕ್ಕರು.

ಆ ಡ್ರೆಸಿಂಗ್ ಇಂಥದ್ದು. ಮಲಗುವ, ಏಳುವ ಹೊತ್ತು ಒಂದೇ. ಪೆಗ್ ಬಂದ್. ಮಧ್ಯಾಹ್ನ ಕಳೆದ ಮೇಲೆ ಚಹಾ, ಕಾಫಿ ಇಲ್ಲ. ಬೆಳಿಗ್ಗೆ ಜುಹೂ ಮರಳಿನಲ್ಲಿ ಅರ್ಧ ಗಂಟೆ ನಡಿಗೆ. ಎದೆ ಹೊಡೆದುಕೊಳ್ಳತೊಡಗಿದರೆ ನಾಲ್ಕು ಎಣಿಸುತ್ತ ಉಸಿರೆಳೆದು ಆರು ಎಣಿಸುತ್ತ ಬಿಡುವುದು. ಮನಸ್ಸು ಆ ಸಂಜೆಗೆ ಓಡಿದರೆ ಕಣ್ಣಿಗೆ ಕಂಡ ಐದು ವಸ್ತು, ಮುಟ್ಟಿದ ನಾಲ್ಕು, ಕೇಳಿದ ಮೂರು ಸದ್ದು, ಎರಡು ವಾಸನೆ, ಒಂದು ರುಚಿ ಎಂದು ಲೆಕ್ಕ ಹಾಕುವುದು. ಜೀವಮಾನವಿಡೀ ನೋಟು ಎಣಿಸಿದವನಿಗೆ ಇದು ಸುಲಭವಾಯಿತು. ಕ್ಯಾಶ್ ಟ್ಯಾಲಿಯಾದ ಹಾಗೆ, ಎಣಿಸಿ ಮುಗಿಯುವಾಗ ನಾನು ಇವತ್ತಿಗೆ ಬಂದಿರುತ್ತಿದ್ದೆ.

ಕಷ್ಟದ್ದು ಫಸ್ಟ್ ಕ್ಲಾಸ್ ಡಬ್ಬಿ. ಅದಕ್ಕೆ ಡಾಕ್ಟರು ಕಂತು ಹಾಕಿಕೊಟ್ಟರು. ಮೊದಲ ವಾರ ಪ್ಲಾಟ್‌ಫಾರ್ಮಿನಲ್ಲಿ ಸುಮ್ಮನೆ ನಿಲ್ಲುವುದು. ಮತ್ತೆ ಜನ ಕಡಿಮೆ ಇರುವ ಮಧ್ಯಾಹ್ನ ಹೆಂಡತಿಯ ಜತೆ ವಿಲೇಪಾರ್ಲೆವರೆಗೆ, ಒಂದೇ ಸ್ಟೇಷನ್. ಆಮೇಲೆ ಅಂಧೇರಿ. ದಕ್ಷಿಣಕ್ಕೆ ತಿರುಗಿ ಖಾರ್ ದಾಟಲು ನನಗೆ ಐದು ತಿಂಗಳು ಬೇಕಾಯಿತು.

ಹಾಗೆಂದು ಸಾಲ ಪೂರ್ತಿ ತೀರಿತೆಂದು ತಿಳಿಯಬೇಡಿ. 2008ರ ನವೆಂಬರ್ 26ರ ದಾಳಿಯನ್ನು ಟಿವಿಯವರು ಹಗಲೂರಾತ್ರಿ ತೋರಿಸುತ್ತಿದ್ದಾಗ ಹೆಂಡತಿ ಕೇಬಲ್ಲನ್ನೇ ಕಿತ್ತಿಟ್ಟಳು. ದೀಪಾವಳಿ ಪಟಾಕಿಯ ಮೂರು ದಿನ ಕಿಟಕಿ ಮುಚ್ಚಿ ಹಳೆಯ ಹಾಡು ಹಾಕುತ್ತೇವೆ. ಜುಲೈ 11ರ ಸಂಜೆ ಒಬ್ಬನೇ ಇರುವುದಿಲ್ಲ. ಬರುವುದು ಗೊತ್ತಿದ್ದರೆ ತಯಾರಿ ಮಾಡಿಕೊಳ್ಳಬಹುದು.

ತಯಾರಿಯಿಲ್ಲದೆ ಬಂದದ್ದು 2025ರ ಜುಲೈ 21. 2015ರಲ್ಲಿ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿದ್ದ 12 ಮಂದಿಯನ್ನೂ ಅಂದು ಬಾಂಬೆ ಹೈಕೋರ್ಟು ಖುಲಾಸೆ ಮಾಡಿತು. ಹಾಗಾದರೆ ಮಾಡಿದ್ದು ಯಾರು? ಆ ರಾತ್ರಿ ಮತ್ತೆ ಮೂರು ಗಂಟೆಗೆ ಎದ್ದು ಕೂತೆ. ನನ್ನ ಡಾಕ್ಟರು ಈಗಿಲ್ಲ. ಬೆಳಿಗ್ಗೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. 2022ರಲ್ಲಿ ಸರ್ಕಾರ ಶುರುಮಾಡಿದ ಉಚಿತ ಸೇವೆ ಇದು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲೂ ಮಾತಾಡಬಹುದು. "ಊರಿನಲ್ಲಿ ಯಾರಿಗಾದರೂ ಹೇಳಿದ್ದೀರಾ?" ಎಂದು ಅತ್ತಲಿನವರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಅದೇ ಸಂಜೆ ತಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಅವನು ಸುಮ್ಮನಿದ್ದ. "ಅಮ್ಮನಿಗೆ ಗೊತ್ತಿತ್ತಣ್ಣ. ನಿನ್ನ ಫೋನ್ ಇಟ್ಟ ಮೇಲೆ, ಅವನ ಸ್ವರ ಸರಿ ಇಲ್ಲ ಅಂತ ಹೇಳ್ತಿದ್ರು. ನೀನಾಗಿ ಹೇಳ್ಲಿ ಅಂತ ಕಾದ್ರು" ಎಂದ.

ಅಮ್ಮ ಹೋಗಿ ಆಗಲೇ ಹತ್ತು ವರ್ಷವಾಗಿತ್ತು. ಆ ರಾತ್ರಿ ಅತ್ತೆ. ಆಮೇಲೆ ಬೆಳಗಿನ ತನಕ ನಿದ್ದೆ ಬಂತು.