ಉಸಿರಿಲ್ಲದ ಪೇಟಿ

ನಮ್ಮ ಮೂಡಲಗಿ, ಗೋಕಾಕ ಸೀಮೆಯಲ್ಲಿ ಹಾರ್ಮೋನಿಯಂ ಎನ್ನುವುದು ಪುಸ್ತಕದ ಮಾತು. ಬಾಯಿಮಾತಿನಲ್ಲಿ ಅದು ಪೇಟಿ. ಅದನ್ನು ಬಾರಿಸುವವರು ಪೇಟಿ ಮಾಸ್ತರರು. ಇಪ್ಪತ್ತೆಂಟು ವರ್ಷ ವಿಜ್ಞಾನ ಪಾಠ ಹೇಳಿದ ನನ್ನಂಥ ಮಾಸ್ತರರಿಗಿಂತ ಊರಿನಲ್ಲಿ ಅವರಿಗೆ ಒಂದು ಗುಲಗಂಜಿ ತೂಕ ಮರ್ಯಾದೆ ಹೆಚ್ಚು. ಅದು ಸರಿಯೂ ಹೌದು. ಶ್ರೀಕೃಷ್ಣ ಪಾರಿಜಾತದೊಂದಿಗೆ ಹೆಸರು ಕೂಡಿಹೋದ ಕುಲಗೋಡ ತಮ್ಮಣ್ಣನ ಊರು ಇಲ್ಲಿಯೇ ಇದೆ. ಅದೇ ಪಾರಿಜಾತದ ಹಾಡಿಕೆಯಿಂದ ನಾಡಿಗೆಲ್ಲ ಪರಿಚಿತಳಾದ ಕೌಜಲಗಿ ನಿಂಗಮ್ಮನ ಊರೂ ದೂರವಿಲ್ಲ. ಕಾಗವಾಡದಲ್ಲಿ 1917ರಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ನೆಲೆಸಿ, 2010ರಲ್ಲಿ ತೀರಿಕೊಂಡ ಪಂಡಿತ ರಾಮಭಾವು ಬಿಜಾಪುರೆಯವರು ಪೇಟಿಯೊಂದನ್ನೇ ನೆಚ್ಚಿ ಎಷ್ಟು ಎತ್ತರಕ್ಕೆ ಏರಬಹುದೆಂಬುದನ್ನು ಈ ಜಿಲ್ಲೆಗೆ ತೋರಿಸಿಕೊಟ್ಟವರು.

ಇಂಥ ಪೇಟಿಯ ನಾಡಿಗೆ ಈಗ ತಿದಿಯಿಲ್ಲದ ಪೇಟಿಯೊಂದು ಬಂದಿದೆ. ನೋಡಲು ಅದೇ ಬಿಳಿ, ಕರಿ ಪಟ್ಟಿಗಳು. ಹಿಂದೆ ಒಂದು ಸಣ್ಣ ತೂತು, ಅದಕ್ಕೊಂದು ತಂತಿ. ಆ ತಂತಿಯನ್ನು ಕಂಪ್ಯೂಟರಿಗೆ ಚುಚ್ಚಬೇಕು. ಯುಎಸ್‌ಬಿ ಮ್ಯೂಸಿಕ್ ಕೀಬೋರ್ಡ್ ಎಂದು ಇದರ ಹೆಸರು.

ಕಳೆದ ವರ್ಷ ಒಂದು ರವಿವಾರ ನಮ್ಮ ಓಣಿಯ ರೈತರೊಬ್ಬರು ಒಂಬತ್ತನೆಯ ತರಗತಿಯ ತಮ್ಮ ಮಗನನ್ನು ಮುಂದೆ ಮಾಡಿಕೊಂಡು ನಮ್ಮ ಮನೆಗೆ ಬಂದರು. ಹುಡುಗನ ಕಂಕುಳಲ್ಲಿ ಇಂಥದೊಂದು ಕೀಬೋರ್ಡು.

‘ನೋಡ್ರಿ ಸರ, ಕಬ್ಬಿನ ಬಿಲ್ಲಿನ್ಯಾಗ ನಾಕ್ ಸಾವಿರ ತಗದು ಕೊಟ್ಟೇನಿ. ಯಾರೋ ಬಳಸಿದ್ದನ್ನ ತಂದಾನ. ಒಂದ ಸಪ್ಪಳ ಬರವಲ್ದು. ಮೋಸ ಆಗೇತಿ. ತಿರಿಗಿ ಕೊಟ್ಟು ಬಾ, ಇಲ್ಲಂದ್ರ ಇವತ್ತಿಂದ ಹಾಡಾ ಬಾರ್ಸೂದು ಎಲ್ಲಾ ಬಂದ್ ಅಂತ ಹೇಳೇನಿ’ ಎಂದರು.

ಹುಡುಗ ನೆಲ ನೋಡುತ್ತ ನಿಂತಿದ್ದ. ತರಗತಿಯಲ್ಲಿ ಹೆಚ್ಚು ಮಾತಾಡುವವನಲ್ಲ. ಕೇಳಿದ ಮೇಲೆ ಮೆಲ್ಲಗೆ ಹೇಳಿದ: ‘ಅಜ್ಜಗ ತಂದೇನ್ರಿ ಸರ.’

ಅವನ ಅಜ್ಜ ನಮ್ಮ ಭಜನಿ ಮೇಳದ ಪೇಟಿ ಮಾಸ್ತರರು. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಎಡಗೈ ಹೋಯಿತು. ಬಲಗೈ ಬೆರಳುಗಳೇನೋ ಮೊದಲಿನಂತೆಯೇ ಇದ್ದವು. ಆದರೆ ಪೇಟಿಯಲ್ಲಿ ಬಲಗೈ ಸ್ವರ ಹಿಡಿದರೆ ಎಡಗೈ ತಿದಿ ಒತ್ತಬೇಕು. ಮೊಮ್ಮಗನೇ ಕುಳಿತು ತಿದಿ ಒತ್ತಿ ನೋಡಿದ್ದನಂತೆ. ನಾಲ್ಕು ದಿನಕ್ಕೆ ಮುದುಕರು ಪೇಟಿ ಮುಚ್ಚಿಸಿಬಿಟ್ಟರು. ‘ಮಂದಿ ಉಸರಿಲೆ ನಾ ಹೆಂಗ ಹಾಡ್ಲೆಪಾ’ ಎಂದಿದ್ದರಂತೆ. ಆ ಮಾತಿನಲ್ಲಿ ವಿಜ್ಞಾನವಿದೆ. ತಿದಿಯ ಗಾಳಿ ಹಿತ್ತಾಳೆಯ ರೀಡನ್ನು ನಡುಗಿಸುತ್ತದೆ. ಗಾಳಿಯ ಒತ್ತಡ ಏರಿದರೆ ನಾದ ತುಂಬುತ್ತದೆ, ಇಳಿದರೆ ಸೊರಗುತ್ತದೆ. ಯಾವ ಸ್ವರವೆಂದು ಬಲಗೈ ಹೇಳಿದರೆ, ಅದನ್ನು ಹೇಗೆ ಹಾಡಬೇಕೆಂದು ಹೇಳುವುದು ಎಡಗೈ.

ತಿದಿಯೇ ಇಲ್ಲದ ಪೇಟಿಯಾದರೆ ಅಜ್ಜ ಬಾರಿಸಬಹುದಲ್ಲ ಎಂಬುದು ಹುಡುಗನ ಲೆಕ್ಕ.

ತಂದೆಗೆ ಮೊದಲು ಒಂದು ಸಂಗತಿ ತಿಳಿಸಬೇಕಾಯಿತು. ಅಂಗಡಿಯಲ್ಲಿ ಸಿಗುವ ಬೇರೆ ಕೀಬೋರ್ಡುಗಳೊಳಗೆ ಸ್ಪೀಕರೂ ನಾದವೂ ಇರುತ್ತವೆ. ಈ ಜಾತಿಯದರಲ್ಲಿ ನಾದವೇ ಇರುವುದಿಲ್ಲ. ಇದು ಕಳಿಸುವುದು ಬರೀ ಅಂಕಿಗಳನ್ನು. ಸಪ್ಪಳ ಬರಲಿಲ್ಲವೆಂದು ಇದನ್ನು ಬೈದರೆ, ಚೀಟಿ ಬರೆದ ಡಾಕ್ಟರು ಗುಳಿಗೆ ಕೊಡಲಿಲ್ಲವೆಂದು ಬೈದಂತೆ. ಒಂದು ಪಟ್ಟಿ ಒತ್ತಿದರೆ ಮೂರು ಅಂಕಿಗಳು ಹೊರಡುತ್ತವೆ. ಮೊದಲನೆಯದು ‘ಪಟ್ಟಿ ಒತ್ತಿದರು’ ಎಂಬ ಸುದ್ದಿ, ಎರಡನೆಯದು ಯಾವ ಪಟ್ಟಿ ಎಂಬ ಸಂಖ್ಯೆ, ಮೂರನೆಯದು ಎಷ್ಟು ರಭಸದಿಂದ ಒತ್ತಿದರು ಎಂಬುದು. ನಡುವಿನ ಸಪ್ತಕದ ಬಿಳಿ ಒಂದಕ್ಕೆ 60, ಕರಿ ಎರಡಕ್ಕೆ 63, ಹೀಗೆ 0ಯಿಂದ 127ರವರೆಗೆ. ಬೆರಳು ಎತ್ತಿದಾಗ ಮತ್ತೊಂದು ಸುದ್ದಿ.

ನಮ್ಮ ಕಡೆಯ ದನದ ಸಂತೆ ನೋಡಿದವರಿಗೆ ಇದು ಹೊಸದೇನೂ ಅಲ್ಲ. ದಲಾಲರು ಟವೆಲ್ಲಿನ ಕೆಳಗೆ ಕೈ ಇಟ್ಟು ಬೆರಳು ಹಿಚುಕಿ ವ್ಯಾಪಾರ ಮಾಡುತ್ತಾರೆ. ಅಲ್ಲಿ ಎತ್ತು ಕೈಯಿಂದ ಕೈಗೆ ದಾಟುವುದಿಲ್ಲ, ಅಂಕಿ ಮಾತ್ರ ದಾಟುತ್ತದೆ. ಅಂಕಿ ತಿಳಿದವನಿಗೆ ಎತ್ತು.

ಈ ಬೆರಳ ಭಾಷೆಗೆ ‘ಮಿಡಿ’ ಎಂದು ಹೆಸರು. ನಮ್ಮ ಉಪ್ಪಿನಕಾಯಿಯ ಮಿಡಿಯಲ್ಲ. ಒಂದು ಕಂಪನಿಯ ವಾದ್ಯ ಇನ್ನೊಂದು ಕಂಪನಿಯ ವಾದ್ಯದೊಡನೆ ಮಾತಾಡದೆ ಸಂಗೀತಗಾರರು ಬೇಸತ್ತಿದ್ದ ಕಾಲದಲ್ಲಿ ಜಪಾನಿನ ಇಕುತಾರೊ ಕಾಕೆಹಾಶಿ ಮತ್ತು ಅಮೆರಿಕದ ಡೇವ್ ಸ್ಮಿತ್ ಮುಂದಾಗಿ ಇದನ್ನು ರೂಪಿಸಿದರು. 1983ರ ಜನವರಿಯಲ್ಲಿ ಅಮೆರಿಕದ ಒಂದು ವಾದ್ಯ ಪ್ರದರ್ಶನದಲ್ಲಿ ಪ್ರತಿಸ್ಪರ್ಧಿ ಕಂಪನಿಗಳ ಎರಡು ವಾದ್ಯಗಳನ್ನು ಒಂದು ತಂತಿಯಿಂದ ಜೋಡಿಸಿ, ಒಂದನ್ನು ಬಾರಿಸಿದರೆ ಇನ್ನೊಂದು ನುಡಿಯುವಂತೆ ಮಾಡಿ ತೋರಿಸಿದರು. 2013ರಲ್ಲಿ ಇಬ್ಬರಿಗೂ ತಾಂತ್ರಿಕ ಗ್ರ್ಯಾಮಿ ಸಂದಿತು. ಆ ಭಾಷೆಯನ್ನು ಇಂದು ಹೊತ್ತೊಯ್ಯುವ ಯುಎಸ್‌ಬಿ ತಂತಿ ಬಂದದ್ದು 1996ರಲ್ಲಿ. ಇಂಟೆಲ್ ಕಂಪನಿಯಲ್ಲಿ ಅದಕ್ಕಾಗಿ ದುಡಿದವರಲ್ಲಿ ಮುಖ್ಯರು ಬಡೋದೆಯ ಅಜಯ್ ಭಟ್ ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ತಪ್ಪದೇ ಹೇಳುತ್ತೇನೆ.

ಇನ್ನು ರೋಗ ಹುಡುಕುವ ಕೆಲಸ. ಮಗಳು ಓದು ಮುಗಿಸಿ ಪುಣೆಗೆ ಹೋದ ಮೇಲೆ ನಮ್ಮ ಮನೆಯಲ್ಲಿ ಒಂದು ಕಂಪ್ಯೂಟರ್ ಸುಮ್ಮನೆ ಕುಳಿತಿತ್ತು. ಕೀಬೋರ್ಡು ಜೋಡಿಸಿದೆವು. ಅದರ ಕೆಂಪು ದೀಪ ಹತ್ತಿತು. ಕಂಪ್ಯೂಟರ್ ಮಾತ್ರ ಕಂಡೂ ಕಾಣದಂತೆ ಇತ್ತು.

‘ದೀಪ ಹತ್ತೇತಿ, ಅಂದ್ರ ಕನೆಕ್ಷನ್ ಬರೋಬ್ಬರಿ ಐತೆಲ್ರಿ’ ಎಂದರು ತಂದೆ.

ದೀಪ ಹತ್ತಿದರೆ ವಿದ್ಯುತ್ತು ಬಂತೆಂದು ಮಾತ್ರ ಅರ್ಥ. ಇಂಥ ತಂತಿಯೊಳಗೆ ಮುಖ್ಯವಾಗಿ ನಾಲ್ಕು ಎಳೆಗಳು. ಎರಡು ಎಳೆ 5 ವೋಲ್ಟ್ ವಿದ್ಯುತ್ತಿಗೆ, ಎರಡು ಎಳೆ ಅಂಕಿಗಳಿಗೆ. ಹುಡುಗ ತಂದದ್ದು ಮನೆಯಲ್ಲಿದ್ದ ಫೋನ್ ಚಾರ್ಜರಿನ ತಂತಿ. ಅಗ್ಗದ ಚಾರ್ಜರ್ ತಂತಿಗಳಲ್ಲಿ ಎಷ್ಟೋ ಸಲ ಅಂಕಿಯ ಎಳೆಗಳನ್ನು ಹಾಕಿಯೇ ಇರುವುದಿಲ್ಲ. ಹೊಟ್ಟೆಗೆ ಊಟ ಸಿಗುತ್ತದೆ, ಬಾಯಿಗೆ ಮಾತಿಲ್ಲ. ನನ್ನ ಫೋನಿನಿಂದ ಕಂಪ್ಯೂಟರಿಗೆ ಫೋಟೊ ಸಾಗಿಸುವ ತಂತಿಯನ್ನು ಹಾಕಿದ ಕೂಡಲೇ ಕಂಪ್ಯೂಟರ್ ‘ಟುಂಗ್’ ಎಂದಿತು. ಹುಡುಗ ಆಗ ಮೊದಲ ಸಲ ತಲೆಯೆತ್ತಿದ.

ಆದರೂ ನಾದವಿಲ್ಲ. ಡಿವೈಸ್ ಮ್ಯಾನೇಜರ್ ತೆರೆದು ನೋಡಿದರೆ ಕೀಬೋರ್ಡಿನ ಹೆಸರಿನ ಪಕ್ಕದಲ್ಲಿ ಹಳದಿ ತ್ರಿಕೋನ, ಅದರೊಳಗೆ ಆಶ್ಚರ್ಯಸೂಚಕ ಚಿಹ್ನೆ. ತಂದೆಯವರು ಅದನ್ನು ಟಿ.ಸಿ. ಮೇಲಿನ ಅಪಾಯದ ಬೋರ್ಡೆಂದೇ ತಿಳಿದು ಒಂದು ಹೆಜ್ಜೆ ಹಿಂದೆ ಸರಿದರು. ಅದರ ಅರ್ಥ ಇಷ್ಟೆ: ಯಾರೋ ಬಂದಿದ್ದಾರೆ, ಅವರ ಮಾತು ತಿಳಿಯುತ್ತಿಲ್ಲ, ದಲಾಲ ಬೇಕು. ಆ ದಲಾಲನೇ ಡ್ರೈವರ್. ಹೆಸರು ಕೇಳಿ ಲಾರಿ ನಡೆಸುವವನೆಂದುಕೊಳ್ಳಬೇಡಿ. ಕೀಬೋರ್ಡಿನ ಸಂಜ್ಞೆಯನ್ನೂ ಕಂಪ್ಯೂಟರಿನ ಸಂಜ್ಞೆಯನ್ನೂ ಬಲ್ಲ ಒಂದು ಸಣ್ಣ ತಂತ್ರಾಂಶ ಅದು.

ಸಂತೆಯಲ್ಲಿ ಎಲ್ಲರೂ ಒಪ್ಪಿದ ಸಾಮಾನ್ಯ ಸಂಜ್ಞೆಗಳಿದ್ದಂತೆ ಇಲ್ಲಿಯೂ 1999ರಲ್ಲಿ ಒಂದು ಸಾಮಾನ್ಯ ನಿಯಮ ಮಾಡಿಕೊಂಡರು. ಆ ನಿಯಮದಂತೆ ನಡೆಯುವ ಕೀಬೋರ್ಡಿಗೆ ಬೇರೆ ಡ್ರೈವರ್ ಬೇಡ. ವಿಂಡೋಸಿನೊಳಗೇ 2001ರ ಎಕ್ಸ್‌ಪಿ ಕಾಲದಿಂದ ಒಬ್ಬ ಸರಕಾರಿ ದಲಾಲನಿದ್ದಾನೆ. ಇಂದಿನ ಹೆಚ್ಚಿನ ಕೀಬೋರ್ಡುಗಳು ಚುಚ್ಚಿದ ಕೂಡಲೇ ಕೆಲಸ ಮಾಡುವುದು ಇದೇ ಕಾರಣಕ್ಕೆ. ಕೆಲವು ಮಾದರಿಗಳು ಮಾತ್ರ ತಮ್ಮದೇ ದಲಾಲನನ್ನು ಕೇಳುತ್ತವೆ. ನಮ್ಮದು ಅಂಥದು. ಮಾರಿದವನು ಪೆನ್‌ಡ್ರೈವಿನಲ್ಲಿ ಡ್ರೈವರ್ ಕೊಟ್ಟಿದ್ದ. ಅದು 32 ಬಿಟ್ ವಿಂಡೋಸಿನದು, ನಮ್ಮ ಕಂಪ್ಯೂಟರ್ 64 ಬಿಟ್‌ನದು. ಬೇರೆ ತಂತ್ರಾಂಶಗಳಲ್ಲಿ ಈ ಭೇದ ನಡೆದೀತು, ಡ್ರೈವರಿನಲ್ಲಿ ನಡೆಯುವುದಿಲ್ಲ. ತಯಾರಕರ ಜಾಲತಾಣದಿಂದಲೇ ಸರಿಯಾದದ್ದನ್ನು ಇಳಿಸಿಕೊಂಡೆವು. ಕೀಬೋರ್ಡು ಬಿಚ್ಚಿ, ಡ್ರೈವರ್ ಸ್ಥಾಪಿಸಿ, ಕಂಪ್ಯೂಟರ್ ಮತ್ತೆ ಚಾಲೂ ಮಾಡಿ, ಆಮೇಲೆ ಕೀಬೋರ್ಡು ಚುಚ್ಚಿದೆವು. ತ್ರಿಕೋನ ಮಾಯವಾಯಿತು.

ಇಲ್ಲಿ ಪಾಲಕರಿಗೊಂದು ಮಾತು. ‘ನಿಮ್ಮ ಕಂಪ್ಯೂಟರಿನ ಎಲ್ಲ ಡ್ರೈವರ್‌ಗಳನ್ನೂ ನಾವು ಸರಿಪಡಿಸುತ್ತೇವೆ’ ಎಂದು ಕರೆಯುವ ಜಾಲತಾಣಗಳ ಹತ್ತಿರ ಮಕ್ಕಳನ್ನು ಬಿಡಬೇಡಿ. ಡ್ರೈವರ್ ಎಂದರೆ ಕಂಪ್ಯೂಟರಿನ ಅಡುಗೆಮನೆಯವರೆಗೆ ಹೋಗುವ ಮನುಷ್ಯ. ಗುರುತಿಲ್ಲದವರನ್ನು ಅಲ್ಲಿಗೆ ಬಿಟ್ಟುಕೊಳ್ಳುವವರು ಯಾರು?

ಒಂದು ಸಂಗೀತ ತಂತ್ರಾಂಶ ಹಾಕಿ, ಅದರ ಸೆಟ್ಟಿಂಗ್ಸ್‌ನಲ್ಲಿ ಮಿಡಿ ಇನ್‌ಪುಟ್ ಎಂಬಲ್ಲಿ ನಮ್ಮ ಕೀಬೋರ್ಡಿನ ಹೆಸರು ಆರಿಸಿದೆವು. ಹಲವರು ಎಡವುವುದು ಇಲ್ಲಿಯೇ. ಡ್ರೈವರ್ ಸರಿಯಿದ್ದರೂ ತಂತ್ರಾಂಶಕ್ಕೆ ‘ಇವನ ಮಾತು ಕೇಳು’ ಎಂದು ಹೇಳದಿದ್ದರೆ ಅದು ಕೇಳುವುದಿಲ್ಲ. ಇನ್ನು ನಾದ. 1991ರಲ್ಲಿ ಮಾಡಿದ 128 ವಾದ್ಯಗಳ ಒಂದು ಸರ್ವಸಮ್ಮತ ಪಟ್ಟಿಯಿದೆ. ಅದರಲ್ಲಿ 105ನೆಯದು ಸಿತಾರ, 112ನೆಯದು ಶಹನಾಯಿ. ನಮ್ಮ ಪೇಟಿ ಮಾತ್ರ ಇಲ್ಲ! ಇದ್ದುದರಲ್ಲಿ ಹತ್ತಿರದ ನೆಂಟ 21ನೆಯ ರೀಡ್ ಆರ್ಗನ್. ಅದನ್ನೇ ಆರಿಸಿದೆವು. ಹುಡುಗ ಒಂದು ಪಟ್ಟಿ ಒತ್ತಿದ. ನಾದ ಬಂತು. ತಂದೆಯವರು ಏನೂ ಅನ್ನಲಿಲ್ಲ. ಎದ್ದು ಹೋಗಿ ಸಂಜೆಯ ಹೊತ್ತಿಗೆ ತಮ್ಮ ತಂದೆಯವರನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಬಂದರು.

ಅಜ್ಜ ಕುರ್ಚಿಯಲ್ಲಿ ಕುಳಿತು ಬಲಗೈ ಇಟ್ಟರು. ಸಾ ರೇ ಗ ನಿಧಾನವಾಗಿ ಹೋಯಿತು. ಸ್ವಲ್ಪ ವೇಗದ ತಾನಿಗೆ ಬಂದಾಗ ಕೈ ನಿಂತಿತು.

‘ಮಾಸ್ತರ್ರ, ನನ್ನ ಬೆರಳಿಗೂ ಸ್ವರಕ್ಕೂ ನಡಕ ಯಾರೋ ಕುಂತಾರ್ರಿ.’

ಸ್ವರ ತಡವಾಗಿ ಬರುತ್ತಿತ್ತು. ನನ್ನ ಕಿವಿಗೆ ಅದು ಅಷ್ಟಾಗಿ ಗೊತ್ತಾಗಿರಲಿಲ್ಲ. ನಾನು ಪೇಟಿ ಬಾರಿಸುವವನಲ್ಲ. ಕೀಬೋರ್ಡಿನ ಅಂಕಿಗಳೇನೂ ತಡ ಮಾಡುವುದಿಲ್ಲ. 1983ರ ಹಳೆಯ ಮಿಡಿ ತಂತಿಯಲ್ಲೇ ಆ ಮೂರು ಅಂಕಿಗಳು ದಾಟಲು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗ ಸಾಕಾಗುತ್ತಿತ್ತು. ತಡ ಇರುವುದು ನಾದ ಹೊರಡುವ ಬಾಗಿಲಲ್ಲಿ. ಕಂಪ್ಯೂಟರ್ ಒಂದು ಸೆಕೆಂಡಿನ ನಾದವನ್ನು 44,100 ಹನಿಗಳಾಗಿ ಮಾಡುತ್ತದೆ. ಆದರೆ ಹನಿ ಹನಿಯಾಗಿ ಬಡಿಸುವುದಿಲ್ಲ. ಪಂಕ್ತಿಯಲ್ಲಿ ಸಾರು ಬಡಿಸುವವನಂತೆ ಬಕೀಟು ತುಂಬಿಕೊಂಡು ಹೊರಡುತ್ತದೆ. ಈ ಬಕೀಟಿಗೆ ಬಫರ್ ಎಂದು ಹೆಸರು. 1024 ಹನಿಯ ಬಕೀಟು ತುಂಬಲು 23 ಮಿಲಿಸೆಕೆಂಡು ಬೇಕು. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅಂದರೆ ಪೇಟಿಯನ್ನು ಎಂಟು ಮೀಟರ್ ದೂರದಲ್ಲಿಟ್ಟು ಇಲ್ಲಿ ಕುಳಿತು ಬಾರಿಸಿದಂತೆ. ವಿಂಡೋಸಿನ ಮಾಮೂಲಿ ದಾರಿಯಲ್ಲಿ ಇಂಥ ಬಕೀಟುಗಳು ಒಂದಕ್ಕಿಂತ ಹೆಚ್ಚೇ ಇರುತ್ತವೆ. ಅಜ್ಜನ ಪೇಟಿ ಎಲ್ಲಿಯೋ ಲಕ್ಷ್ಮೀ ಗುಡಿಯ ಹತ್ತಿರ ನುಡಿಯುತ್ತಿತ್ತು.

ಇದಕ್ಕೆ ಮದ್ದು ಇನ್ನೊಂದು ಡ್ರೈವರ್. ಇದು ಕೀಬೋರ್ಡಿನದಲ್ಲ, ನಾದದ್ದು. ಆಸಿಯೊ ಎಂಬ ಈ ಹತ್ತಿರದ ದಾರಿಯನ್ನು ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದಿತು. ಬೆಲೆಯ ಸೌಂಡ್ ಕಾರ್ಡ್ ಇಲ್ಲದವರಿಗೆ ಆಸಿಯೊ ಫೋರ್ ಆಲ್ ಎಂಬುದು ಉಚಿತವಾಗಿ ಸಿಗುತ್ತದೆ. ಅದನ್ನು ಹಾಕಿ ಬಫರನ್ನು 512ಕ್ಕೆ ಇಳಿಸಿದೆವು. ಅಜ್ಜ, ‘ಹತ್ರ ಬಂತು’ ಎಂದರು. 128ಕ್ಕೆ ಇಳಿಸಿದಾಗ ಸ್ವರದೊಳಗೆ ಒಗ್ಗರಣೆ ಸಿಡಿದಂತೆ ಚಟಚಟ ಸಪ್ಪಳ. ಬಕೀಟು ಬಹಳ ಸಣ್ಣದಾಗಿ, ನಮ್ಮ ಹಳೆಯ ಕಂಪ್ಯೂಟರ್ ಓಡಾಡಿಯೇ ಸುಸ್ತಾಗಿತ್ತು. 256ಕ್ಕೆ ಇಟ್ಟೆವು. ಬಕೀಟಿನ ಲೆಕ್ಕಕ್ಕೆ ಸುಮಾರು 6 ಮಿಲಿಸೆಕೆಂಡು, ಎರಡು ಮೀಟರ್ ದೂರ. ಯಾವ ಅಂಕಿ ಇಟ್ಟಿದ್ದೇನೆಂದು ನಾನು ಒಮ್ಮೆಯೂ ಹೇಳಿರಲಿಲ್ಲ. ಮುದುಕರು ಕಣ್ಣು ಮುಚ್ಚಿ ಬಾರಿಸುತ್ತ, ‘ಹಾಂ, ಎದ್ದು ಹೋದರು ನೋಡ್ರಿ’ ಎಂದರು. ಆಮೇಲೆ ಅರ್ಧ ತಾಸು ಅವರು ಮಾತಾಡಲಿಲ್ಲ. ಮಗ ಹೊಸ್ತಿಲ ಮೇಲೆ ಕುಳಿತು ಕೇಳುತ್ತಿದ್ದರು. ಕೀಬೋರ್ಡು ತಿರುಗಿ ಕೊಡುವ ಮಾತು ಮತ್ತೆ ಬರಲಿಲ್ಲ. ಚಹಾ ತಣ್ಣಗಾಯಿತು.

ಅಜ್ಜನ ತಕರಾರು ಅಷ್ಟಕ್ಕೇ ಮುಗಿಯಲಿಲ್ಲ. ‘ಗಂಧಾರ ಏರೇತಿ’ ಎಂದರು ಮರುವಾರ. ಅದೂ ನಿಜವೇ. ಸಾ 240 ಹರ್ಟ್ಸ್ ಆದರೆ ಸಹಜವಾದ ಶುದ್ಧ ಗಂಧಾರ 300ಕ್ಕೆ ನಿಲ್ಲಬೇಕು. ಸಪ್ತಕವನ್ನು ಹನ್ನೆರಡು ಸಮ ಪಾಲು ಮಾಡಿದ ಕಂಪ್ಯೂಟರ್ ಅದನ್ನು 302.4ಕ್ಕೆ ಒಯ್ದು ನಿಲ್ಲಿಸುತ್ತದೆ. ಇದೇ ಸಮ ಪಾಲಿನ ದೋಷ, ಮೀಂಡ್ ಬಾರದೆಂಬ ದೋಷ ಇವನ್ನೆಲ್ಲ ಹೊರಿಸಿ ಆಕಾಶವಾಣಿಯವರು 1940ರಿಂದ 1971ರವರೆಗೆ ಪೇಟಿಯನ್ನು ಹೊರಗಿಟ್ಟಿದ್ದರು. ಅಜ್ಜ ತಮ್ಮ ಪೇಟಿಯ ರೀಡುಗಳನ್ನು ಮಿರಜದ ಕಾರಾಗೀರನಿಂದ ತಮ್ಮ ಸಾ ನೋಡಿ ಕೆರೆಸಿಕೊಂಡವರು. ಕಂಪ್ಯೂಟರಿನಲ್ಲಿ ಕೆರೆಯುವ ಗೊಡವೆಯಿಲ್ಲ. ಸ್ವರಗಳನ್ನು ಒಂದೊಂದಾಗಿ ಇಳಿಸಿ ಏರಿಸುವ ಅನುಕೂಲ ನಮ್ಮ ತಂತ್ರಾಂಶದಲ್ಲಿತ್ತು. ಅನುಪಾತದ ಲೆಕ್ಕವನ್ನು ಹುಡುಗನೇ ಮಾಡಿದ. ಗಣಿತದಲ್ಲಿ ಅವನು ಹಾಗೆ ಕುಳಿತು ಲೆಕ್ಕ ಬಿಡಿಸಿದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಉಳಿದದ್ದು ತಿದಿ. ಈ ಕೀಬೋರ್ಡಿನಲ್ಲಿ ರಭಸದ ಅಂಕಿ ಇದೆ, ಆದರೆ ಅದು ಪಟ್ಟಿ ಒತ್ತಿದ ಕ್ಷಣದ್ದು ಮಾತ್ರ. ಹಿಡಿದ ಸ್ವರವನ್ನು ಉಬ್ಬಿಸಿ ಇಳಿಸುವುದು ಅದರಿಂದ ಆಗದು. ಮಿಡಿಯಲ್ಲಿ ಆ ಕೆಲಸಕ್ಕೆ ಬೇರೆಯೇ ಒಂದು ಸಂಜ್ಞೆಯಿದೆ, 11ನೆಯ ಸಂಖ್ಯೆಯದು. ಒತ್ತಿದಷ್ಟೂ ನಾದ ತುಂಬುವ ಕಾಲು ಪೆಡಲ್ ಒಂದಿದ್ದರೆ ಅದನ್ನು ಕಳಿಸಬಹುದು. ನಾನು ಇದನ್ನು ಹೇಳಿದಾಗ ಅಜ್ಜ ನಕ್ಕುಬಿಟ್ಟರು.

‘ಅಲ್ರೀ ಮಾಸ್ತರ್ರ, ನಾಟಕ ಕಂಪನ್ಯಾಗ ನಾ ಸಣ್ಣಾಂವಿದ್ದಾಗ ಕಾಲಪೇಟಿ ನೋಡೇನಿ. ಕಾಲಿಲೆ ತಿದಿ ತುಳೀತಿದ್ರು. ನನ್ನ ಬಲಗಾಲು ಗಟ್ಟಿ ಐತಿ.’

ನಮ್ಮ ಕೀಬೋರ್ಡಿಗೆ ಅಂಥ ಪೆಡಲ್ ಜೋಡಿಸುವ ತೂತಿಲ್ಲ. ಪೆಡಲನ್ನು ಬೇರೆಯಾಗಿಯೇ ಯುಎಸ್‌ಬಿಗೆ ಚುಚ್ಚಬೇಕು. ಸರಕಾರಿ ದಲಾಲನಿಗೆ ಒಗ್ಗುವಂಥದೇ ಬೇಕೆಂದು ಹುಡುಗ ಹುಡುಕುತ್ತಿದ್ದಾನೆ. ಈ ಸಲದ ಕಬ್ಬಿನ ಬಿಲ್ಲು ಬರಲಿ ಎಂದಿದ್ದಾರೆ ಅವರಪ್ಪ.